ಡಿಕ್ಕಿಯಲ್ಲಿ ಕೂತು ಸ್ಟೀರಿಯೊ ಆರಿಸಿದ ಮಾವ

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಬಳ್ಳಾರಿಯ ಗಾಂಧಿನಗರದಲ್ಲಿ ಕಾರ್ ಸ್ಟೀರಿಯೊ ಮಾರುವವರನ್ನು ಕೇಳಿ, ಅವರು ಹೇಳುತ್ತಾರೆ!

ಮಾವ ಸಿರುಗುಪ್ಪದಲ್ಲಿ ಅಕ್ಕಿ ದಲ್ಲಾಳಿ. ಮೇಲಿನ ಚೀಲ, ನಡುವಿನ ಚೀಲ, ತಳದ ಚೀಲ, ಮೂರರಿಂದಲೂ ಕಾಳು ತೆಗೆದು ಅಗಿದು ನೋಡದೆ ಒಂದು ಲೋಡನ್ನೂ ಒಪ್ಪಿದವನಲ್ಲ. ಅಂಥವನಿಗೆ ಮೊನ್ನೆ ಕಾರಿಗೆ ಹೊಸ ಸ್ಟೀರಿಯೊ ಹಾಕಿಸುವ ಹುಚ್ಚು ಹಿಡಿಯಿತು. ಅದೂ ಎಂಥದ್ದು? ವೈರಿನ ಹಂಗಿಲ್ಲದೆ ಫೋನಿಗೆ ತಾನೇ ಕೂಡಿಕೊಳ್ಳುವಂಥದ್ದು.

ಕಾರಣ ಅತ್ತೆ. ಅತ್ತೆಗೆ ಕಿವಿ ಮಂದ. ಕುರುಗೋಡಿನಲ್ಲಿರುವ ಅವಳ ಅಕ್ಕನಿಗೆ ಲಕ್ವ ಹೊಡೆದು ದನಿ ಕುಗ್ಗಿದೆ. ಆಕೆ ಹೇಳಿದ್ದು ಈಕೆಗೆ ಕೇಳದು. ದಿನಾ ಹರಟುತ್ತಿದ್ದ ಅಕ್ಕತಂಗಿ ವರ್ಷದಿಂದ ಫೋನನ್ನೇ ಬಿಟ್ಟಿದ್ದರು. ಕಿವಿಗೆ ಮಿಷನ್ ಹಾಕಿಕೋ ಎಂದರೆ, "ನಾನೇನು ಮುದುಕೇನು?" ಎಂದು ಅತ್ತೆ ಸಿಡುಕುತ್ತಾಳೆ. ಹೀಗಿರುವಾಗ ಪಕ್ಕದ ಮನೆಯವರ ಕಾರಿನಲ್ಲಿ ಮೋಕಾ ಊರಿಗೆ ಹೋದಳು. ದಾರಿಯಲ್ಲಿ ಅವರಿಗೊಂದು ಫೋನ್ ಬಂದು, ಮಾತು ಕಾರಿನ ಸ್ಪೀಕರುಗಳಲ್ಲೇ ಮೊಳಗಿತು. ಅತ್ತೆಗೆ ಒಂದೊಂದಕ್ಷರವೂ ಕೇಳಿ, ಹಿಂದಿನ ಸೀಟಿನಿಂದ ಉತ್ತರವನ್ನೂ ತಾನೇ ಕೊಟ್ಟಳಂತೆ! ಮರುದಿನವೇ ಮಾವ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಗೆ ಬಂದು ನನ್ನನ್ನು ಹೊರಡಿಸಿದ.

ಅಂಗಡಿಯವನು ಮೊದಲ ಸೆಟ್ಟು ಜೋಡಿಸಿ, ಎದೆ ನಡುಗುವಂಥ ಹಾಡು ಹಾಕಿದ.

"ಹಾಡು ಬಂದ್ ಮಾಡ್ರಿ. ಹಾಡು ಎಲ್ಲಾದ್ರಾಗೂ ಚಂದ ಕೇಳ್ತೈತಿ," ಎಂದ ಮಾವ. ನನ್ನ ಕಡೆ ತಿರುಗಿ, "ನೀ ರಸ್ತಿಗೆ ಹೋಗಿ ನನಗ ಫೋನ್ ಹಚ್ಚು. ಕುರುಗೋಡು ಅಕ್ಕ ಮಾತಾಡಿದಂಗ ಸಣ್ಣಗ ಮಾತಾಡು," ಎಂದ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮೇಷ್ಟ್ರು. ನಡುಬೀದಿಯಲ್ಲಿ ನಿಂತು, ಸೋತ ದನಿಯಲ್ಲಿ, "ಏನು ಪಲ್ಯ ಮಾಡೀದಿ ತಂಗೀ?" ಎಂದು ಗೊಣಗತೊಡಗಿದೆ. ಬಾಳೆಹಣ್ಣಿನ ಗಾಡಿಯವನು ನನಗೆ ಹುಷಾರಿಲ್ಲವೆಂದುಕೊಂಡು, "ಏಮೈಂದಿ ಸಾರ್?" ಎಂದು ಏನಾಯಿತೆಂದು ತೆಲುಗಿನಲ್ಲಿ ಕೇಳುತ್ತಾ ಓಡಿಬಂದು ಸ್ಟೂಲು ಹಾಕಿದ.

ಅತ್ತ ಮಾವ ಮುಂದಿನ ಸೀಟಿನಲ್ಲಿ ಕೂತು ಕೇಳಿದ, ಹಿಂದಿನ ಸೀಟಿಗೆ ಹೋಗಿ ಕೇಳಿದ. ಆಮೇಲೆ ಪಂಚೆ ಎತ್ತಿ ಕಟ್ಟಿ ಡಿಕ್ಕಿಯೊಳಗೆ ಹತ್ತಿ ಕೂತ.

"ಯಜಮಾನ್ರ, ಡಿಕ್ಯಾಗ ಯಾರು ಕೂಡ್ತಾರ್ರಿ?" ಎಂದ ಅಂಗಡಿಯವನು.

"ತಳದ ಚೀಲ ನೋಡದ ಹೆಂಗ ತಗೊಳ್ಳೋದು?"

ನಾಲ್ಕು ಸೆಟ್ಟು, ಒಂದೊಂದಕ್ಕೆ ಮೂರು ಜಾಗ. ಹನ್ನೆರಡನೆಯ ಸಲಕ್ಕೆ ನಾನು ಪಲ್ಯ ಬಿಟ್ಟು ಹೋಳಿಗೆಗೆ ಬಂದಿದ್ದೆ. ದೊಡ್ಡ ಪರದೆಯ, ಬಣ್ಣಬಣ್ಣದ ದೀಪದ ಸೆಟ್ಟನ್ನು ಅಂಗಡಿಯವನು ಎಷ್ಟು ಹೊಗಳಿದರೂ ಮಾವ ಜಗ್ಗಲಿಲ್ಲ. "ಇದು ಬೆಳಗ್ತೈತಿ, ಮಾತು ಬಿಡಿಸಿ ಹೇಳಂಗಿಲ್ಲ," ಎಂದು ತಳ್ಳಿ, ಎಲ್ಲಕ್ಕಿಂತ ಸಾದಾ ಇದ್ದದ್ದನ್ನು ಹಾಕಿಸಿದ.

ಭಾನುವಾರ ಸಿರುಗುಪ್ಪದ ಮನೆ ಮುಂದೆ ಅತ್ತೆಯನ್ನು ಕಾರಿನಲ್ಲಿ ಕೂರಿಸಿ, ಎ.ಸಿ. ಹಾಕಿ, ಕುರುಗೋಡಿಗೆ ಫೋನ್ ಹಚ್ಚಿದ. ಆ ಸೋತ ದನಿ ಕಾರಿನ ತುಂಬ ತುಂಬಿಕೊಂಡಿತು.

"ತಂಗೀ, ನನ್ನ ಮ್ಯಾಲೆ ಸಿಟ್ಟೇನ? ಮಾತಾಡೋದ ಬಿಟ್ಟಿಯಲ್ಲ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. "ಇಲ್ಲಕ್ಕಾ... ಕೇಳಿಸ್ತಿದ್ದಿಲ್ಲಕ್ಕಾ," ಎಂದು ಅಳುವುದಕ್ಕೇ ಶುರುಮಾಡಿದಳು. ಕಿವಿ ಕೇಳುವುದಿಲ್ಲ ಎಂದು ಅವಳು ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು. ಮಾವ ಸದ್ದಿಲ್ಲದೆ ಇಳಿದು, ಬಾಗಿಲು ಹಾಕಿ, ಬಿಸಿಲಿನಲ್ಲಿ ನನ್ನ ಪಕ್ಕ ಬಂದು ನಿಂತ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗು ಕೇಳಿಸಿತು. ಗಾಜು ಏರಿಸಿದ್ದರೂ ಕುರುಗೋಡಿನ ಮಾತು ಹೊರಗೆ ನಮಗೂ ಸ್ಪಷ್ಟ. "ನಿನ್ನ ಗಂಡನ ಹುಚ್ಚಾಟ ಇನ್ನೂ ಹಂಗ ಐತೇನ?" ಅತ್ತೆ ಅದಕ್ಕೆ ಮಾವನ ಹುಚ್ಚಾಟಗಳ ಪಟ್ಟಿಯನ್ನೇ ಬಿಚ್ಚಿದಳು.

"ಮಾವಾ, ಇಬ್ರೂ ಕೂಡಿ ನಿನಗ ಬೈಯಾಕತ್ತಾರ," ಎಂದೆ.

ಮಾವ ಟವೆಲಿನಿಂದ ಕಣ್ಣೊರೆಸಿಕೊಂಡ. "ಬೈಲಿ ಬಿಡಲೇ. ಆಕಿಗೆ ಕೇಳಾಕತ್ತೈತಲ್ಲ."