ಮೊಮ್ಮಗಳ ಕೋಡ್‌ಗೆ ನಾನು ತಲೆಯಾಡಿಸಿದ್ದು

ಅರ್ಥವಾಗದ ಮಾತಿಗೂ ತಲೆಯಾಡಿಸುವುದು ನನ್ನ ಹಳೆಯ ರೋಗ. ಲಷ್ಕರ್ ಮೊಹಲ್ಲಾದಲ್ಲಿ ನಲವತ್ತು ವರ್ಷದಿಂದ ಹೆಂಗಸರ ರವಿಕೆ ಹೊಲಿಯುವವನಿಗೆ ಈ ರೋಗ ಬಾರದೆ ಇರುವುದಿಲ್ಲ. "ಕತ್ತು ಅಗಲ ಇರ್ಲಿ, ಆದ್ರೆ ಅಗಲ ಅಂತ ಕಾಣ್ಬಾರ್ದು" ಅನ್ನುತ್ತಾರೆ, ತಲೆಯಾಡಿಸುತ್ತೇನೆ. "ತೋಳು ಹೋದ ಸಲದ ಥರ ಬೇಡ, ಅದರ ಹಿಂದಿನ ಸಲದ ಥರಾನೂ ಬೇಡ" ಅನ್ನುತ್ತಾರೆ, ಅದಕ್ಕೂ ಆಡಿಸುತ್ತೇನೆ. ಪ್ರಶ್ನೆ ಕೇಳುತ್ತ ನಿಂತರೆ ಗಿರಾಕಿ ಪಕ್ಕದ ಅಂಗಡಿಗೆ ಹೊರಟುಬಿಡುತ್ತಾರೆ. ಮೊದಲು ಒಪ್ಪಿಕೊಳ್ಳುವುದು, ಆಮೇಲೆ ಕತ್ತರಿ ಹಿಡಿದು ದೇವರನ್ನು ನೆನೆಯುವುದು, ಇದೇ ನಮ್ಮ ಕಸುಬಿನ ರೀತಿ. ಇದರಿಂದ ಒಂದೆರಡು ರವಿಕೆ ಕೆಟ್ಟಿರಬಹುದು. ಮೊಮ್ಮಗಳ ಬಡ್ತಿಗೇ ಸಂಚಕಾರ ಬರುತ್ತದೆಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

ಸಹನಾ ನನ್ನ ಮಗನ ಮಗಳು. ಇಲ್ಲೇ ಊರಾಚೆಯ ಒಂದು ಕಂಪನಿಯಲ್ಲಿ ಮೊಬೈಲಿಗೆ ಆ್ಯಪ್ ಮಾಡುತ್ತಾಳೆ. ಆಸ್ಪತ್ರೆಯಲ್ಲಿ ಸಾಲು ನಿಲ್ಲದೆ ಮನೆಯಿಂದಲೇ ಟೋಕನ್ ತೆಗೆದುಕೊಳ್ಳುವ ಆ್ಯಪ್. ಅದು ಏನೇನು ಮಾಡಬೇಕೆಂದು ಒಳಗೆ ಸಾಲುಸಾಲಾಗಿ ಬರೆದಿಡುತ್ತಾರಂತೆ. ಅದಕ್ಕೆ ಕೋಡ್ ಎನ್ನುತ್ತಾರೆ. ಇವಳು ಬರೆದದ್ದು ಕೆಲಸವೇನೋ ಮಾಡುತ್ತಿತ್ತು, ಬೇರೆಯವರು ಓದಿದರೆ ತಲೆಬುಡ ತಿಳಿಯುತ್ತಿರಲಿಲ್ಲ. ಅವಳ ಮೇಲಿನ ಮೇಡಂ ಹೇಳಿದರಂತೆ: "ನಿನ್ನ ಕೇಳ್ದೇನೇ ಇನ್ನೊಬ್ರು ಓದಿ ತಿದ್ದೋ ಹಾಗೆ ಶುದ್ಧವಾಗಿ ಬರಿ. ಆಗ ನಾಲ್ಕು ಜನರ ತಂಡ ನಿನ್ನ ಕೈಗೆ ಕೊಡ್ತೀನಿ. ಏನೂ ಗೊತ್ತಿಲ್ಲದವರ ಮುಂದೆ ಓದಿ ಹೇಳು, ಅವರಿಗೆ ಎಲ್ಲಿ ತಿಳಿಯಲ್ವೋ ಅಲ್ಲಿ ಸರಿಮಾಡು." ಏನೂ ಗೊತ್ತಿಲ್ಲದವರು ಯಾರೆಂದು ನಮ್ಮ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

ವಾರವೆಲ್ಲ ಸಂಜೆ ಅಂಗಡಿ ಮುಚ್ಚಿ ಬಂದು ಕಾಫಿ ಲೋಟ ಹಿಡಿದು ಕೂತೆ. ಅವಳು ತನ್ನ ಕೋಡನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತ ಹೋದಳು, ನಾನು ತಲೆಯಾಡಿಸುತ್ತ ಹೋದೆ. ಮಗು ಅಷ್ಟು ಆಸೆಯಿಂದ ಹೇಳುವಾಗ ತಿಳಿಯಲಿಲ್ಲ ಎನ್ನಲು ಬಾಯಾದರೂ ಹೇಗೆ ಬರಬೇಕು? "ತಾತಂಗೇ ಅರ್ಥ ಆಗೋಯ್ತು!" ಎಂದು ಕುಣಿಯುತ್ತ ಆಫೀಸಿಗೆ ಹೋದವಳು ಸಂಜೆ ಸಪ್ಪೆ ಮುಖ ಮಾಡಿಕೊಂಡು ಬಂದಳು. 'ಪಟ್ಟಿ ನೋಡು' ಎಂದು ಹೆಸರಿಟ್ಟ ಕೋಡಿನ ತುಂಡು, ಪಟ್ಟಿ ನೋಡುವುದರ ಜೊತೆಗೆ ಹಳೆಯ ಟೋಕನ್ನುಗಳನ್ನೂ ಸದ್ದಿಲ್ಲದೆ ಅಳಿಸಿಹಾಕುತ್ತಿತ್ತಂತೆ. ಓದಿದವರಿಗೆ ಅದು ಹೇಗೆ ಗೊತ್ತಾಗಬೇಕೆಂದು ಮೇಡಂ ಕೇಳಿ, ಇನ್ನೊಂದೇ ವಾರ ಕೊಟ್ಟಿದ್ದರು.

"ತಾತ, ನಿಜ ಹೇಳಿ. ನಿಮ್ಗೆ ಅರ್ಥ ಆಗಿತ್ತಾ?"

ನಾನು ತಲೆಯಾಡಿಸಿದೆ.

ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: "ಅವ್ರ ತಲೆ ನಂಬ್ಕೋಬೇಡ ಕಣಮ್ಮ! ನನ್ನ ನೋಡೋಕೆ ಬಂದಾಗ್ಲೂ ಹಿಂಗೇ ಆಡಿಸ್ಬುಟ್ಟಿದ್ರು. ಮನೆ ಸ್ವಂತದ್ದಾ ಅಂತ ನಮ್ಮಪ್ಪ ಕೇಳಿದ್ರೆ ಹೂಂ, ಬೀಡಿ ಬಿಟ್ಟಿದೀರಾ ಅಂದ್ರೂ ಹೂಂ!"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಒಂದಕ್ಷರಾನೂ ಗೊತ್ತಾಗ್ಲಿಲ್ಲ ಕಣಮ್ಮ" ಎಂದು ಒಪ್ಪಿಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಲ್ಯಾಪ್‌ಟಾಪ್ ತೆರೆದು ಒಬ್ಬಳೇ ಮೊದಲ ಸಾಲಿನಿಂದ ಓದಲು ಶುರುಮಾಡಿದಳು. ಮನೆಗೆ ತಂದಿದ್ದ ಒಂದು ರವಿಕೆಯನ್ನು ಒಳಗುಹೊರಗು ಮಾಡಿ ಅವಳ ಮುಂದೆ ಹಿಡಿದೆ. "ನೋಡು, ಪಕ್ಕದ ಹೊಲಿಗೆ ಬೇರೆ, ಕತ್ತಿನ ಪಟ್ಟಿ ಬೇರೆ. ಹಾಕ್ಕೊಳೋರು ನಾಳೆ ದಪ್ಪ ಆದ್ರೆ ಪಕ್ಕ ಒಂದು ಬಿಚ್ಚಿದ್ರೆ ಸಾಕು, ಒಳಗೆ ಬಟ್ಟೆ ಬಿಟ್ಟಿದೀನಿ. ಬೇರೆ ಟೈಲರ್ ಕೈಗೆ ಹೋದ್ರೂ ಅವ್ನು ನನ್ನ ಬೈಕೊಳ್ದೆ ಬಿಚ್ಬೇಕು. ನಿಂದು ಹೆಂಗೆ?"

ಅವಳು ರವಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಂದು ಪಕ್ಕ ಬಿಚ್ಚಿದ್ರೆ ಕತ್ತೂ ಬಿಚ್ಕೊಳುತ್ತೆ ತಾತ" ಎಂದು ನಕ್ಕಳು.

ಅಂದಿನಿಂದ ಹೊಸ ಕಾನೂನು. ತಲೆಯಾಡಿಸುವಂತಿಲ್ಲ; ಕೇಳಿದ್ದನ್ನು ನನ್ನ ಬಾಯಲ್ಲಿ ತಿರುಗಿ ಹೇಳಬೇಕು. ನಾನು ತೊದಲಿದ ಕಡೆಯೆಲ್ಲ ಅವಳು ಒಡೆದು ಬರೆದಳು: ಒಂದು ತುಂಡಿಗೆ ಒಂದೇ ಕೆಲಸ, ಕೆಲಸಕ್ಕೆ ತಕ್ಕ ಹೆಸರು. 'ಪಟ್ಟಿ ನೋಡು' ಪಟ್ಟಿಯನ್ನಷ್ಟೇ ನೋಡಿ ಸುಮ್ಮನಾಯಿತು. 'ಹಳೇ ಟೋಕನ್ ಅಳಿಸು' ಬೇರೆಯಾಗಿ ಹುಟ್ಟಿತು. ಆರನೆಯ ಸಂಜೆ ನಾನು ಮೊದಲಿನಿಂದ ಕೊನೆಯವರೆಗೆ ಮಗ್ಗಿಯಂತೆ ಒಪ್ಪಿಸಿದೆ.

ಮರುದಿನ ಅಂಗಡಿಯಲ್ಲಿರುವಾಗ ಅವಳ ಫೋನ್ ಬಂತು. ತಂಡ ಸಿಕ್ಕಿತ್ತು, ನಾಲ್ಕೂ ಜನ! ಬೀದಿಗಿಳಿದು ಹೂವಿನವಳಿಗೆ, ಗುಂಡಿ ದಾರದ ಅಂಗಡಿಯವರಿಗೆ, ಗುರುತಿಲ್ಲದ ಒಬ್ಬ ಸ್ಕೂಟರಿನವನಿಗೂ ಹೇಳಿ, ಮೈಸೂರು ಪಾಕ್ ಹಂಚಿ ಬಂದೆ. ಬಂದು ನೋಡಿದರೆ ಅಳತೆ ಕೊಡಲು ಕೈ ಚಾಚಿದ್ದ ಗಿರಾಕಿ ಹಾಗೆಯೇ ನಿಂತಿದ್ದರು.

ಸಂಜೆ ಅದೇ ಹುರುಪಿನಲ್ಲಿ ಸಹನಾಗೆ ಹೇಳಿದೆ: "ನಂಗೂ ತಲೆ ಓಡುತ್ತೆ ಅಂತ ಆಯ್ತಲ್ಲ. ಸ್ವಲ್ಪ ಕಂಪ್ಯೂಟರ್ ಕಲಿಸ್ಬುಡು, ಇನ್ನೂ ಚೆನ್ನಾಗಿ ಸಹಾಯ ಮಾಡ್ತೀನಿ."

ಅವಳು ಗಾಬರಿಯಿಂದ ಲ್ಯಾಪ್‌ಟಾಪ್ ಮುಚ್ಚಿದಳು. "ಅಯ್ಯೋ, ಬೇಡ ತಾತ! 'ನಿಮ್ಮ ತಾತನ್ನ ಹೀಗೇ ಇಟ್ಕೋ' ಅಂತ ಮೇಡಂ ಹೇಳಿದಾರೆ. ನೀವು ಕಲಿತ್ಬುಟ್ರೆ ನಾನು ಯಾರ ಮುಂದೆ ಓದ್ಲಿ?"

ಈಗ ಭಾನುವಾರಗಳಂದು ಅವಳ ತಂಡದ ನಾಲ್ವರೂ ನಮ್ಮ ಮನೆಗೆ ಬಂದು, ಸರದಿಯಂತೆ ನನ್ನೆದುರು ಕೂತು, ತಮ್ಮ ಕೋಡ್ ಓದಿ ಭಯಭಕ್ತಿಯಿಂದ ನನ್ನ ಮುಖ ನೋಡುತ್ತಾರೆ. ಏನೂ ಗೊತ್ತಿಲ್ಲದಿರುವುದಕ್ಕೆ ಇಷ್ಟು ಮರ್ಯಾದೆ ಸಿಗುತ್ತದೆಂದು ಮೊದಲೇ ತಿಳಿದಿದ್ದರೆ, ನಾನು ನಾಲ್ಕನೇ ಕ್ಲಾಸಿನವರೆಗೂ ಹೋಗುತ್ತಿರಲಿಲ್ಲ.