ಮಾವ ಮೇಕೆಗೆ ಕಲಿಸಿದ ಬೆಟ್ಟ

ಬಂಗಾರಪೇಟೆ ಸೀಮೆಯಲ್ಲಿ ನಮ್ಮ ಮನೆಯ ಮೇಕೆಯಷ್ಟು ಪಾಠ ಹೇಳಿಸಿಕೊಂಡ ಮೇಕೆ ಇನ್ನೊಂದಿರಲಿಲ್ಲ! ಬಂಡೆ ಹತ್ತುವುದು ಹೇಗೆ, ಇಳಿಯುವುದು ಹೇಗೆ, ಹೆಜ್ಜೇನು ಎದ್ದರೆ ಏನು ಮಾಡಬೇಕು, ಕರಡಿ ಓಡಾಡುವ ಕಡೆ ಹೇಗೆ ನಡೆಯಬೇಕು, ಎಲ್ಲವನ್ನೂ ನಮ್ಮ ಮಾವನವರು ಅದಕ್ಕೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಮೇಕೆಗೆ ಬಂಡೆ ಹತ್ತಲು ಕಲಿಸುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮೀನಿಗೆ ಈಜು ಕಲಿಸಿದ ಹಾಗೆ! ಊರಿನವರು, "ನೆಲದೊಳಕ್ಕೆ ಇಳಿದೂ ಇಳಿದೂ ಅವನ ತಲೆ ಕೆಟ್ಟೈತೆ" ಅಂದರು. ಗುಟ್ಟು ನನಗೆ ಗೊತ್ತಿತ್ತು. ಪಾಠ ಮೇಕೆಗೆ, ಕಲಿಯಬೇಕಾದವಳು ನಾನು.

ನನ್ನ ಮದುವೆಯಾದಾಗ ಕೋಲಾರದ ಚಿನ್ನದ ಮೈನ್ಸಿನಲ್ಲಿ ಇನ್ನೂ ಬಿಳಿ ದೊರೆಗಳಿದ್ದರು. ನನಗೆ ಹದಿನಾರು. ತವರು ಬೇತಮಂಗಲದ ಕೆರೆಯ ಕೆಳಗಿನ ಊರು. ಗದ್ದೆ, ಬದು, ನೀರು. ಎತ್ತರ ಅಂದರೆ ಹುಲ್ಲಿನ ಬಣವೆ, ಅಷ್ಟೇ. ಗಂಡನ ಊರು ಬಂಗಾರಪೇಟೆಗೂ ಮೈನ್ಸಿಗೂ ನಡುವೆ, ಬರೀ ಗುಂಡುಕಲ್ಲುಗಳ ಬೆಟ್ಟದ ಬುಡದಲ್ಲಿ. ಒಲೆಗೆ ಸೌದೆ ಬೇಕೆಂದರೆ ಆ ಬೆಟ್ಟವೇ ಗತಿ. ಸೌದೆ ಸಿಗುವ ಕಡೆಗೆ ಹೋಗಲು ಒಂದು ಹಾಸುಬಂಡೆ ದಾಟಬೇಕು. ಇಳಿಜಾರು. ಹಿಡಿದುಕೊಳ್ಳಲು ಹುಲ್ಲುಕಡ್ಡಿಯೂ ಇಲ್ಲ. ಕೆಳಗೆ ನೋಡಿದರೆ ನಮ್ಮ ಮನೆ ಬೆಂಕಿಪೊಟ್ಟಣದಷ್ಟು.

ಊರಿನ ಹೆಂಗಸರು ಎಲೆಅಡಿಕೆ ಜಗಿಯುತ್ತ ಅದರ ಮೇಲೆ ನಡೆದುಹೋದರು. ನಾನು ಹೊಟ್ಟೆಯ ಮೇಲೆ ಹಲ್ಲಿಯ ಹಾಗೆ ಹರಿದೆ. ಅರ್ಧ ದಾರಿಯಲ್ಲಿ ಅಳು ಬಂತು. ಅಳುತ್ತಲೇ ಹಿಂದಕ್ಕೆ ಹರಿದು ಬರಿಗೈಯಲ್ಲಿ ಮನೆಗೆ ಬಂದೆ. ಮಾರನೆಯ ದಿನವೂ ಅಷ್ಟೇ. ಆ ವಾರವೆಲ್ಲ ಅಷ್ಟೇ.

ಅತ್ತೆ ಒಂದೆರಡು ತಿಂಗಳು ನೋಡಿದರು. ಆಮೇಲೆ ಒಂದು ದಿನ ನಡುಮನೆಯಲ್ಲಿ ನಿಂತು ಹೇಳಿಯೇಬಿಟ್ಟರು.

"ಉಣ್ಣಾಕೆ ಬಾಯೈತೆ, ಬೆಟ್ಟ ಅತ್ತಾಕೆ ಕಾಲಿಲ್ಲ. ಸಂಕ್ರಾಂತಿವರ್ಗೂ ನೋಡ್ತೀನಿ. ಅಷ್ಟ್ರೊಳಗೆ ಒಂದು ಒರೆ ಸೌದೆ ತರಲಿಲ್ಲ ಅಂದ್ರೆ ತವರಿಗೆ ಕಳಿಸ್ಬುಡ್ತೀನಿ. ಅಲ್ಲೇ ಇರ್ಲಿ."

ತವರಿನಲ್ಲಿ ಮದುವೆಯಾಗದ ತಂಗಿಯರು ಇಬ್ಬರಿದ್ದರು. ಅಕ್ಕನನ್ನು ಗಂಡನ ಮನೆಯವರು ವಾಪಸು ಕಳಿಸಿದರೆ ಆ ಮನೆಗೆ ಹೆಣ್ಣು ಕೇಳಿಕೊಂಡು ಯಾರು ಬರುತ್ತಾರೆ? ನನ್ನ ಗಂಡನೋ, ರೈಲ್ವೆ ಸ್ಟೇಷನ್ನಿನಲ್ಲಿ ಎರಡೆರಡು ಮೂಟೆ ಎತ್ತುತ್ತಿದ್ದ. ಅವ್ವನ ಮುಂದೆ ತಲೆ ಮಾತ್ರ ಎತ್ತುತ್ತಿರಲಿಲ್ಲ.

ಮಾವನವರದು ಮೈನ್ಸಿನಲ್ಲಿ ನೆಲದೊಳಗಿನ ಕೆಲಸ. ಭಾನುವಾರ ರಜೆ. ನಮ್ಮ ಕಡೆ ಸೊಸೆ ಮಾವನ ಎದುರು ನಿಲ್ಲುವಂತಿರಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ಅವರು ಒಳಗೆ ಬಂದರೆ ನಾನು ಬಾಗಿಲ ಮರೆ. ಅತ್ತೆ ಗಡುವು ಕೊಟ್ಟ ಆ ವಾರ ಭಾನುವಾರ ಬೆಳಿಗ್ಗೆ ಅವರು ಅಂಗಳದಲ್ಲಿ ಮೇಕೆ ಬಿಚ್ಚಿದರು. ಊರಿಗೆಲ್ಲ ಕೇಳುವಂತೆ ಕೂಗಿದರು.

"ಲೇ ಕೆಂಪೀ, ಬಾ, ಬೆಟ್ಟುಕ್ಕೆ ಓಗನ. ಕುಡುಗೋಲು ತಗ. ಅಗ್ಗ ಮರೀಬ್ಯಾಡ. ನೀರು ಕುಡ್ಕಂಡು ಒರಡು."

ಮೇಕೆ ಕುಡುಗೋಲು ಎಲ್ಲಿಂದ ತರುತ್ತದೆ? ನಾನು ತಗೊಂಡೆ. ಮುಂದೆ ಮಾವ, ನಡುವೆ ಮೇಕೆ, ಇಪ್ಪತ್ತು ಹೆಜ್ಜೆ ಹಿಂದೆ ನಾನು. ಹೊಲದ ಬದುವಿನಲ್ಲೇ ಮೊದಲ ಪಾಠ ಶುರುವಾಯಿತು.

"ಕೆಂಪೀ, ಬಳೆ ಮ್ಯಾಲಕ್ಕೆ ಸರಿಸಿ ಬಟ್ಟೆ ಸುತ್ಕ. ಕಲ್ಲಿಗೆ ತಾಗಿ ಒಡೆದ್ರೆ ಕೈ ಕುಯ್ತದೆ."

ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವನೊಬ್ಬ ತಲೆಯೆತ್ತಿ, "ಏನಣ್ಣೋ, ನಿಮ್ಮ ಮೇಕೆ ಬಳೆ ಬೇರೆ ತೊಡ್ತದಾ?" ಅಂದ.

"ನಿನ್ನ ಎಮ್ಮೆಗೂ ತೊಡ್ಸು. ಬ್ಯಾಡ ಅಂದೋರು ಯಾರ್ಲಾ?" ಅಂದು ಮಾವ ತಿರುಗಿಯೂ ನೋಡದೆ ಮುಂದೆ ಹೋದರು.

ಹಾಸುಬಂಡೆಯ ಹತ್ತಿರ ಬಂದಾಗ ಕೆಂಪಿ ನಾಲ್ಕು ನೆಗೆತಕ್ಕೆ ಆಚೆ ಹೋಗಿ ಎಲಚಿ ಗಿಡ ಮೇಯುತ್ತಿತ್ತು. ಮಾವ ಈಚೆಯೇ ನಿಂತು ಗಾಳಿಗೆ ಪಾಠ ಹೇಳಿದರು.

"ಬಂಡೆ ಮ್ಯಾಲೆ ಬೆರಳಲ್ಲಿ ನಿಂತ್ರೆ ಜಾರ್ತೀಯ. ಪಾದ ಪೂರ್ತಿ ಊರು. ಬಂಡೇನ ತಬ್ಬಬ್ಯಾಡ, ತಬ್ಬಿದ್ರೆ ಕಾಲು ಕಿತ್ಕಂಡು ಬತ್ತದೆ. ನೆಟ್ಟಗೆ ನಿಂತ್ಕ. ಆ ಕಪ್ಪು ಗೆರೆ ಐತಲ್ಲ, ಅದು ಮಳೆ ನೀರು ಅರಿಯೋ ಜಾಗ. ಒಣಗಿದ್ರೂ ನಂಬಬ್ಯಾಡ. ಬೂದು ಬಣ್ಣ ಒರಟು, ಅದನ್ನ ತುಳಿ. ಕಡಿದಾದ ಕಡೆ ಎರಡು ಕೈ ಎರಡು ಕಾಲಲ್ಲಿ ಮೂರು ಇಡ್ಕಂಡಿರ್ಲಿ, ಒಂದು ಮಾತ್ರ ಆಡ್ಲಿ. ಇಳಿಯೋವಾಗ ಮೊಕ ಬಂಡೆಗೆ, ಬೆನ್ನು ಬಯಲಿಗೆ."

ನನಗೂ ಕೇಳುವುದಿತ್ತಲ್ಲ! ನಾನೂ ಮೇಕೆಗೇ ಹೇಳಿದೆ. "ಕೆಂಪೀ, ಕಾಲು ನಡುಗ್ತವೆ, ಏನ್ಮಾಡ್ಲಿ ಅಂತ ಕೇಳೇ."

"ನಡುಗ್ಲಿ ಬುಡು ಕೆಂಪೀ. ನಡುಗೋ ಕಾಲು ಜಾರಲ್ಲ. ಓಡೋ ಕಾಲು ಜಾರ್ತದೆ."

ಆವತ್ತು ನಾಲ್ಕು ಹೆಜ್ಜೆ ನಿಂತು ನಡೆದೆ. ಉಳಿದದ್ದು ಹಲ್ಲಿಯ ನಡಿಗೆಯೇ.

ಮಾವನವರಿಗೆ ಇನ್ನೊಂದು ಚಟ. ಕೋಲಿನಿಂದ ಬಂಡೆ ತಟ್ಟಿ ಕಿವಿಗೊಡದೆ ಅದರ ಮೇಲೆ ಕಾಲಿಡುತ್ತಿರಲಿಲ್ಲ, ಅದರ ಕೆಳಗೆ ಕೂರುತ್ತಿರಲಿಲ್ಲ. ಮೈನ್ಸಿನಲ್ಲಿ ತಲೆಯ ಮೇಲಿನ ಕಲ್ಲು ಹೀಗೆ ತಟ್ಟಿ ನೋಡಿಯೇ ಕೆಲಸಕ್ಕೆ ನಿಲ್ಲುವುದಂತೆ. ಟಣ್ ಅಂದರೆ ಗಟ್ಟಿ, ಬೊದ್ ಅಂದರೆ ಬೀಳುವ ಕಲ್ಲು. ಬೆಟ್ಟದಲ್ಲಿ ಇದು ಒಳ್ಳೆಯದೇ. ಆದರೆ ಬೀಗರ ಮನೆಯಲ್ಲಿ? ನಾದಿನಿಗೆ ಗಂಡು ನೋಡಲು ಹೋದಾಗ ಎಲೆ ಹಾಕಿ ಕೂರಿಸಿದ್ದರೆ ಇವರು ಎದ್ದು ಹಿಂದಿನ ಗೋಡೆ ತಟ್ಟಿದರು. "ಬೊದ್ ಅಂತದೆ. ಎಲ್ಲಾ ಈಚೆ ಬನ್ನಿ" ಅಂದರು! ಬೀಗರು ಕೆಂಡವಾದರು. ಸಂಬಂಧ ಮುರಿಯಿತು. ಅತ್ತೆ ಎಂಟು ದಿನ ಮಾತು ಬಿಟ್ಟರು. ಮಳೆಗಾಲದಲ್ಲಿ ಆ ಗೋಡೆ ಬಿತ್ತು. ಬಿದ್ದ ಸುದ್ದಿ ಬಂದ ಮೇಲೆ ಅತ್ತೆ ಇನ್ನೂ ಎಂಟು ದಿನ ಮಾತು ಬಿಟ್ಟರು!

ಭಾನುವಾರದ ಮೇಲೆ ಭಾನುವಾರ ಕಳೆಯಿತು. ನನಗೆ ಬೇಜಾರಾಗುತ್ತಿದ್ದದ್ದು ಒಂದಕ್ಕೇ. ಈ ಮನುಷ್ಯ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು, ನಿಂತರೆ ಒಂದು ಪಾಠ. "ಕೆಂಪೀ, ಈ ಲದ್ದಿ ನೋಡು, ಎಲಚಿ ಬೀಜ ಐತೆ. ಕರಡಿ ಆಕಿದ್ದು. ಇನ್ನೂ ಅಸಿ ಐತೆ, ಅತ್ಲಾಗೆ ಓಗಬ್ಯಾಡ." ಮತ್ತೆ ಹತ್ತು ಹೆಜ್ಜೆ. "ಕಣ್ಣಿಗೆ ಕಾಣದ ಸಂದಿಗೆ ಕೈ ಆಕಬ್ಯಾಡ. ಮೊದ್ಲು ಕೋಲು ಆಕು. ಒಳಗಿರೋ ನಾಗರಾವಿಗೆ ನಿನ್ನ ಮೇಲೆ ದ್ವೇಸ ಇಲ್ಲ, ನೆರಳು ಬೇಕು, ಅಷ್ಟೇ." ಮತ್ತೆ ಹತ್ತು ಹೆಜ್ಜೆ. "ಎಜ್ಜೇನು ಎದ್ರೆ ಕೈ ಬೀಸಬ್ಯಾಡ. ಒಂದು ಕಚ್ಚಿದ್ರೆ ಆ ವಾಸ್ನೆಗೆ ಮಿಕ್ಕವೆಲ್ಲ ಬತ್ತವೆ. ಕಂಬಳಿ ಮುಸುಕಾಕ್ಕಂಡು ಪೊದೆ ಒಳಗೆ ನುಗ್ಗು." ಸೌದೆ ತರಲು ಬಂದವಳಿಗೆ ಇದೆಲ್ಲ ಯಾಕೆ? ಸಂಕ್ರಾಂತಿ ಹತ್ತಿರ ಬರುತ್ತಿತ್ತು. ನಾನು ಇನ್ನೂ ಹಾಸುಬಂಡೆಯ ನಡುವೆ ಕುಸಿದು ಕೂರುತ್ತಿದ್ದೆ.

ಕರಡಿ ಪಾಠ ಮಾತ್ರ ನನಗೆ ಇಷ್ಟವಾಯಿತು. ಕರಡಿಗೆ ಕಣ್ಣು ಮಂದ. ಹುತ್ತಕ್ಕೆ ಮೂತಿ ಹಾಕಿದರೆ ಕಿವಿಯೂ ಕೇಳುವುದಿಲ್ಲವಂತೆ. ದಿಢೀರನೆ ಎದುರಾದರೆ ಹೆದರಿ ಮೈಮೇಲೆ ಬೀಳುತ್ತದೆ. "ಅದ್ಕೇ ಗುಂಡಿನ ಮೂಲೆ ತಿರುಗೋವಾಗ ಕೂಗ್ಕಂಡು ಓಗ್ಬೇಕು ಕೆಂಪೀ. ನೆಂಟ್ರು ಬಂದಂಗೆ. ಅದೇ ಎದ್ದು ದಾರಿ ಬುಡ್ತದೆ."

ಏನು ಕೂಗುವುದು? ನನಗೆ ಹಾಡು ಬರದು. ದೇವರ ಹೆಸರು ಎಷ್ಟು ಹೊತ್ತು ಹೇಳುವುದು? ಹೊಟ್ಟೆಯಲ್ಲಿ ತುಂಬಿದ್ದದ್ದು ಒಂದೇ, ಅದನ್ನೇ ಕೂಗಿದೆ. ಆ ಬೆಟ್ಟದ ಕರಡಿಗಳಿಗೆಲ್ಲ ನಮ್ಮ ಅತ್ತೆಯ ಗುಣ ಪೂರ್ತಿ ಗೊತ್ತಾಯಿತು!

ಸಂಕ್ರಾಂತಿಗೆ ಇನ್ನು ಐದಾರು ದಿನ. ಮಾವ ಕೆಲಸಕ್ಕೆ ಹೋಗಿದ್ದರು. ಒಬ್ಬಳೇ ಬೆಟ್ಟ ಹತ್ತಿ, ಹಾಸುಬಂಡೆಗೆ ಮುಂಚಿನ ದೊಡ್ಡ ಗುಂಡಿನ ಮೂಲೆ ತಿರುಗುವಾಗ ವಾಡಿಕೆಯಂತೆ ಕೂಗಿದೆ.

"ಕರಡಿಯಪ್ಪೋ! ನಮ್ಮತ್ತೆ ಉಪ್ಪಿನಕಾಯಿ ಜಾಡಿಗೆ ಗಂಟಾಕಿ ಗುರುತು ಇಟ್ಕತಾಳೆ! ಮುದ್ದೆ ಇಕ್ಕೋವಾಗ ಕೈ ಚಿಕ್ಕದು, ಬೈಯೋವಾಗ ಬಾಯಿ ದೊಡ್ಡದು! ಕೇಳ್ತಾ ಕರಡಿಯಪ್ಪಾ?"

ಹಿಂದಿನಿಂದ ಗುರ್ ಅಂತ ಸದ್ದು ಬಂತು. ಕರಡಿಯಾಗಿದ್ದರೆ ಚೆನ್ನಾಗಿತ್ತು. ಅತ್ತೆ! ನಾನು ನಿಜವಾಗಿ ಬೆಟ್ಟ ಹತ್ತುತ್ತೇನೋ, ಕೆಳಗೆ ಕೂತು ಹೊತ್ತು ಕಳೆಯುತ್ತೇನೋ ನೋಡಲು ಹಿಂದೆಯೇ ಬಂದಿದ್ದರು.

"ಕೇಳ್ತು ಕಣೇ! ಎಲಾ ಇವಳ! ನನ್ನ ಜಾಡಿ ವಿಸ್ಯ ಕರಡಿಗೇಳ್ತೀಯಾ? ನಿಲ್ಲೇ!"

ಯಾರು ನಿಲ್ಲುತ್ತಾರೆ? ಆ ಹಾಸುಬಂಡೆಯನ್ನು ನಾನು ಮೊದಲ ಸಲ ನೆಟ್ಟಗೆ ನಡೆದು ದಾಟಿದ್ದು ಹಾಗೆ. ಕೆಳಗೆ ಬೀಳುವ ಭಯ ದೊಡ್ಡದು, ಅತ್ತೆಯ ಭಯ ಅದಕ್ಕಿಂತ ದೊಡ್ಡದು! ಆಚೆ ಹೋಗಿ ತಿರುಗಿದರೆ ಅತ್ತೆ ಬಂಡೆಯ ನಟ್ಟನಡುವೆ ಇದ್ದಾರೆ. ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಅವರು ಬೆಟ್ಟ ಹತ್ತಿರಲಿಲ್ಲ. ಸಿಟ್ಟು ಅಲ್ಲಿವರೆಗೆ ಹೊತ್ತು ತಂದಿತ್ತು. ಅಲ್ಲಿ ಒಂದು ಸಲ ಕೆಳಗೆ ನೋಡಿದರು. ಸಿಟ್ಟು ಇಳಿಯಿತು, ಜೊತೆಗೆ ಕಾಲಿನ ಶಕ್ತಿಯೂ ಇಳಿಯಿತು. ಸರಿಯಾಗಿ ಕಪ್ಪು ಗೆರೆಯ ಮೇಲೆ ಬೋರಲು ಬಿದ್ದು ಬಂಡೆ ತಬ್ಬಿಕೊಂಡರು.

"ಅತ್ತೇ, ತಬ್ಬಬ್ಯಾಡಿ!"

"ನೀನು ಬಾಯ್ ಮುಚ್ಚೇ!"

"ಮುಚ್ತೀನಿ. ಓಗ್ಲಾ?"

"ಓಗಬ್ಯಾಡ್ವೇ ಮುಂಡೇದೇ!"

ಅವರ ಕಾಲು ಇಂಚಿಂಚು ಜಾರುತ್ತಿತ್ತು. ನನ್ನ ಕಾಲು ಆಗಲೂ ನಡುಗಿತು. ನಡುಗಿಕೊಂಡೇ ಬೂದು ಬಣ್ಣ ತುಳಿದು ಹೋಗಿ, ಅವರ ಹಿಮ್ಮಡಿಯ ಕೆಳಗೆ ನನ್ನ ಪಾದ ಅಡ್ಡ ಕೊಟ್ಟೆ. "ಎದೆ ಎತ್ತಿ. ಪಾದ ಪೂರ್ತಿ ಊರಿ. ಈ ಕೈ ಇಲ್ಲೇ ಇರ್ಲಿ, ಆ ಕಾಲು ಈಚೆ ಇಡಿ. ಮೊಕ ಬಂಡೆ ಕಡೆಗೇ ಇರ್ಲಿ." ಒಂದೊಂದು ಹೆಜ್ಜೆಗೆ ಒಂದೊಂದು ಬೈಗುಳ ಬೈದುಕೊಂಡೇ ಅವರು ನಾನು ಹೇಳಿದ ಹಾಗೆ ಮಾಡಿದರು. ಬಂಡೆಯ ಈಚೆ ಮಣ್ಣು ಸಿಕ್ಕಿದ ಮೇಲೆ ಕೂತು ಏದುಸಿರು ಬಿಟ್ಟರು.

"ಯಾರೇ ಕಲಿಸಿದ್ದು ಇದೆಲ್ಲ?"

"ಮೇಕೆ."

ನಾನು ಮತ್ತೆ ಬಂಡೆ ದಾಟಿ ಹೋಗಿ ಒಂದು ಹೊರೆ ಸೌದೆ ಕಡಿದು ತಂದೆ. ಸಂಜೆ ಅವರು ಮಗನಿಗೆ ಹೇಳಿದ್ದು ಇಷ್ಟೇ. "ಸಂಕ್ರಾಂತಿಗೆ ಇವಳ ಅವ್ವನ್ನ ಇಲ್ಲಿಗೇ ಕರ್ಕಂಬಾ. ತಂಗೇರ್ನೂ ಬರೇಳು." ನನಗೆ ಇಕ್ಕುವ ಮುದ್ದೆ ದೊಡ್ಡದಾಯಿತೇ ಅಂತ ಕೇಳುತ್ತೀರಾ? ಇಲ್ಲ. ಹಾಗೆಲ್ಲ ಆಗುವುದು ಕಥೆಯಲ್ಲಿ.

ಮಾರನೆಯ ದಿನ ಇಬ್ಬರೂ ರಾಗಿ ಕೇರುತ್ತಿದ್ದೆವು. ಅತ್ತೆ ಮೊರದಿಂದ ತಲೆಯೆತ್ತದೆ ಹೇಳಿದರು.

"ಬೆಟ್ಟ ಕಲ್ತಾಯ್ತಲ್ಲ, ಇನ್ನ ಆ ಮನುಷ್ಯನ್ನ ಮ್ಯಾಲಕ್ಕೆ ಅತ್ತಿಸಬ್ಯಾಡ. ಕಲ್ಲಿನ ಧೂಳು ಎದೆಯಾಗೆ ಕೂತೈತೆ. ನೀನು ಬರೋಕೆ ಮುಂಚೆ ಐದು ವರ್ಸ ಬೆಟ್ಟದ ಕಡೆ ತಲೆ ಆಕಿರ್ನಿಲ್ಲ. ಅಲ್ಲಲ್ಲಿ ನಿಂತು ನಿಂಗೆ ಕರಡಿ ಲದ್ದಿ ತೋರಿಸ್ತಾನೆ ಅನ್ಕಂಡಿದ್ದೀಯಾ? ಉಸಿರು ಸಿಗಲ್ಲ ಕಣೇ, ಅದ್ಕೆ ನಿಲ್ತಾನೆ. ಸೋಮವಾರ ಕೆಲಸಕ್ಕೆ ಓಗೋವಾಗ ಗೋಡೆ ಇಡ್ಕಂಡು ಓಗ್ತಾನೆ."

ನಾನು ಕೇರುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅತ್ತೆಗೆ ಮುಖ ತೋರಿಸಬೇಕಾಗುತ್ತಿತ್ತು. ಬೆಟ್ಟದ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಆ ಮನುಷ್ಯನಿಗೆ ಉಸಿರು ಸಿಗದ ಜಾಗಗಳಲ್ಲಿ ಸಿಕ್ಕಿದ್ದು. ನಾನು ಈ ಮನೆಯಲ್ಲಿ ಉಳಿದದ್ದು, ತಂಗಿಯರಿಬ್ಬರೂ ಒಳ್ಳೆಯ ಮನೆ ಸೇರಿದ್ದು, ನನ್ನ ಮಕ್ಕಳು ಮೊಮ್ಮಕ್ಕಳು, ಎಲ್ಲಕ್ಕೂ ಅವರೇ ಕಾರಣ. ಇದನ್ನು ಅವರಿಗೆ ಹೇಳಲು ನಮ್ಮಲ್ಲಿ ಸೊಸೆಗೆ ಬಾಯಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಸಂಕ್ರಾಂತಿ ಕಳೆದು ಭಾನುವಾರ ಬಂತು. ಮಾವ ಅಂಗಳದಲ್ಲಿ ಮೇಕೆ ಬಿಚ್ಚಿದರು. ಬರಬೇಡಿ ಅಂತ ನಾನು ಹೇಗೆ ಹೇಳಲಿ? ಕೋಲು ಹಿಡಿದು ನಿಂತ ಅವರ ಮುಖದಲ್ಲಿ ಮೈನ್ಸಿಗೆ ಹೋಗುವ ದಿನ ಇಲ್ಲದ ಕಳೆ ಇತ್ತು. ಹೊರಟೆವು. ಅವರು ನಿಲ್ಲುವುದಕ್ಕೆ ಮೊದಲೇ, ಏಳೋ ಎಂಟೋ ಹೆಜ್ಜೆಗೆ, ನಾನು ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ.

"ಕೆಂಪೀ, ಮಂಡಿ ನೋಯ್ತದೆ ಕಣೇ. ವಸಿ ಕುತ್ಕಳನ."

ಮಾವ ನಿಂತರು. ಹದಿನೇಳು ತುಂಬದ ಹುಡುಗಿಗೆ ಎಂಥ ಮಂಡಿ ನೋವು? ಅವರು ಮೇಕೆಯನ್ನೇ ನೋಡಿದರು.

"ಸೋಂಬೇರಿ ಮೇಕೆ" ಅಂದರು. ದೂರದ ಇನ್ನೊಂದು ಕಲ್ಲಿನ ಮೇಲೆ, ನನಗೆ ಬೆನ್ನು ಮಾಡಿ ಕೂತರು.

ಪಾಠ ಇರಲಿಲ್ಲ. ಅವರ ಉಸಿರು ನನ್ನ ತನಕ ಕೇಳುತ್ತಿತ್ತು. ಕೆಳಗೆ ಬಂಗಾರಪೇಟೆ ಕಡೆಗೆ ರೈಲು ಹೊಗೆ ಬಿಡುತ್ತ ಹೋಗುತ್ತಿತ್ತು. ಕೆಂಪಿ ಬಂದು ನನ್ನ ಸೆರಗಿನ ತುದಿ ಬಾಯಿಗೆ ಹಾಕಿಕೊಂಡಿತು. ಹಬ್ಬಕ್ಕೆ ಅವ್ವ ತಂದುಕೊಟ್ಟ ಹೊಸ ಸೀರೆ. ಎಳೆದುಕೊಂಡರೆ ಎದ್ದ ಹಾಗಾಗುತ್ತದೆ, ನಾನು ಎದ್ದರೆ ಅವರೂ ಏಳುತ್ತಾರೆ. ತಿನ್ನಲಿ ಅಂತ ಬಿಟ್ಟೆ.