ನಾನು ದಾನ ಕೊಟ್ಟ ಹಂಡೆ

ದಾನಿಗೆ ಹೆಸರಿನ ಆಸೆ ಇರಬಾರದು ಎನ್ನುವವರು ಒಮ್ಮೆ ತಾಮ್ರದ ಹಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಹೋಗಿ ನೋಡಲಿ.

ಅಂಕೋಲೆಯಲ್ಲಿ ಕಾಳುಮೆಣಸಿನ ವ್ಯಾಪಾರಿಯೊಬ್ಬರ ಹಳೆಯ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಹಳೆಯ ಪಾತ್ರೆ ಕೊಟ್ಟವರ ಹೆಸರನ್ನು ಫಲಕದಲ್ಲಿ ಬರೆಯುತ್ತಾರೆಂದು ಕೇಳಿದ್ದೇ ತಡ, ನಮ್ಮ ಅಟ್ಟದ ಮೇಲಿನ ಹಂಡೆ ನನ್ನ ಕಣ್ಣಿಗೆ ಬಿತ್ತು. ಗೀಸರ್ ಬಂದ ಮೇಲೆ ಅದು ಕೆಳಗಿಳಿಯುತ್ತಿದ್ದುದು ದೀಪಾವಳಿಗೆ ಮಾತ್ರ. ಹೆಂಡತಿ ಶಾಲಿನಿ ಬೆಳಂಬಾರದ ತಂಗಿಯ ಮನೆಯಲ್ಲಿದ್ದಳು. ಇಷ್ಟು ಸಣ್ಣ ವಿಷಯಕ್ಕೆ ಅವಳನ್ನು ಕೇಳುವುದೇನು ಎಂದು ನಾನೇ ತೀರ್ಮಾನಿಸಿ ಹಂಡೆ ಕೊಟ್ಟು ಬಂದೆ.

ಅವಳು ಬಂದವಳೇ ಕೇಳಿದಳು: “ನಾಳೆ ನೀರು ತುಂಬೂ ಹಬ್ಬ. ಹಂಡೆ ಕಂಠಕ್ಕೆ ಕಟ್ಟೂಕೆ ಹಿಂಡಲಕಾಯಿ ಬಳ್ಳಿ ತಂದಿದ್ದೆ. ಹಂಡೆ ಎಲ್ಲಿ?”

“ಇತಿಹಾಸಕ್ಕೆ ಸೇರಿತು,” ಎಂದೆ ಗಂಭೀರವಾಗಿ.

“ಹಾಗಾದ್ರೆ ಬಳ್ಳಿ ಎಂತಕ್ಕೆ ಕಟ್ಟೂದು? ನಿಮ್ಮ ಗೀಸರಿಗಾ?”

ಫಲಕದಲ್ಲಿ ನನ್ನ ಹೆಸರು ನೋಡಿದರೆ ಸಿಟ್ಟು ಇಳಿದೀತೆಂದು ಅವಳನ್ನು ಕೂಡಲೇ ಅಂಕೋಲೆಗೆ ಕರೆದೊಯ್ದೆ. ಬಳ್ಳಿಯ ಚೀಲವನ್ನು ಅವಳು ಕೈಯಿಂದ ಬಿಡಲಿಲ್ಲ. ನಮ್ಮ ಹಂಡೆ ನೋಡಲು ನಾವೇ ಟಿಕೆಟ್ ತೆಗೆಸಬೇಕಾಯಿತು! ಅಲ್ಲಿಯ ಬಚ್ಚಲಮನೆಯಲ್ಲಿ ಹಂಡೆ ಥಳಥಳಿಸುತ್ತಿತ್ತು. ಫಲಕದಲ್ಲಿ ‘ವ್ಯಾಪಾರಿಯ ಕುಟುಂಬ ಬಳಸಿದ ಹಂಡೆ’ ಎಂದಿತ್ತು. ನನ್ನ ಹೆಸರಿನ ಒಂದಕ್ಷರವೂ ಇರಲಿಲ್ಲ.

ಮೈಯೆಲ್ಲ ಉರಿಯಿತು. ಮ್ಯಾನೇಜರನ್ನು ಕರೆಸಿ, ಆ ವ್ಯಾಪಾರಿ ಇದರಲ್ಲಿ ಒಂದು ತಂಬಿಗೆ ನೀರನ್ನೂ ಕಾಯಿಸಿದವನಲ್ಲ, ಇದು ಹಗಲುದರೋಡೆ ಎಂದು ಕೂಗಾಡಿದೆ.

“ನೀವು ಕೊಟ್ಟಾಗ ನಾನು ರಜೆಯಲ್ಲಿದ್ದೆ ಸಾರ್. ನಿಮ್ಮದೇ ಅಂತ ಹೇಗೆ ನಂಬೂದು?”

“ಪಾತ್ರೆಗೆ ಹೆಸರು ಹಾಕಿಸದ ಮನೆ ಉಂಟಾ ನಮ್ಮಲ್ಲಿ? ಕಂಠ ನೋಡಿ,” ಎಂದೆ.

ಅಲ್ಲಿ ನನ್ನ ಅಪ್ಪನ ಹೆಸರೇ ಇರುತ್ತದೆಂದು ಎದೆಯುಬ್ಬಿಸಿ ನಿಂತೆ. ವರ್ಷ ವರ್ಷವೂ ಅದರ ನೀರು ಮಿಂದವನು ಒಮ್ಮೆಯೂ ಅದರ ಕಂಠ ನೋಡಿರಲಿಲ್ಲ. ಮ್ಯಾನೇಜರ್ ಬಗ್ಗಿದರು. ಓದಲಿಲ್ಲ. ನನ್ನ ಮುಖ ನೋಡಿದರು.

“ಓದಿ, ಜೋರಾಗೇ ಓದಿ,” ಎಂದಳು ಶಾಲಿನಿ.

“ಚಿ. ಸೌ. ಶಾಲಿನಿಗೆ, ಆಯಿಯಿಂದ.”

“ಮದುವೆಯಲ್ಲಿ ಕೊಟ್ಟದ್ದು,” ಎಂದಳು. ಅವಳ ತಾಯಿ ಈಗಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

“ಶಾಲಿನಿಬಾಯಿ, ವಾಪಸ್ ತಕಂಡು ಹೋಗ್ತೀರಾ?” ಎಂದರು ಮ್ಯಾನೇಜರ್.

ಶಾಲಿನಿ ಚೀಲದಿಂದ ಬಳ್ಳಿ ತೆಗೆದು ಅಲ್ಲೇ ಹಂಡೆಯ ಕಂಠಕ್ಕೆ ಕಟ್ಟಿದಳು. “ಇಲ್ಲೇ ಇರಲಿ. ಇಲ್ಲಿದ್ರೆ ನನ್ನ ಕೇಳದೆ ಯಾರೂ ಯಾರಿಗೂ ಕೊಡೂದಿಲ್ಲ.”

ಈಗ ಫಲಕದಲ್ಲಿ ತಾಯಿ ಮಗಳಿಬ್ಬರ ಹೆಸರಿದೆ. ಪ್ರತಿ ವರ್ಷ ಹಬ್ಬಕ್ಕೆ ಬಳ್ಳಿ ಹೊತ್ತುಕೊಂಡು ಹೋಗುವವನು ನಾನು. ಶಾಲಿನಿಯನ್ನು ಟಿಕೆಟ್ ಇಲ್ಲದೆ ಒಳಗೆ ಬಿಡುತ್ತಾರೆ. ದಾನಿಗಳ ಗಂಡಂದಿರಿಗೆ ಆ ರಿಯಾಯಿತಿ ಇಲ್ಲವಂತೆ.